ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಯಾವ ಕಾದಂಬರಿ?

ಕನ್ನಡದಲ್ಲಿ ಮಕ್ಕಳ ಓದಿನ ಕುರಿತು ನಡೆಯುವ ಚರ್ಚೆ ಸಾಮಾನ್ಯವಾಗಿ ಎರಡು ತುದಿಗಳಲ್ಲೇ ನಿಂತುಬಿಡುತ್ತದೆ. ಒಂದು ತುದಿಯಲ್ಲಿ ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ ಮೊದಲಾದವರು ಕಟ್ಟಿಕೊಟ್ಟ ಶಿಶುಗೀತೆ ಮತ್ತು ಪುಟ್ಟ ಕಥೆಗಳ ಶ್ರೀಮಂತ ಪರಂಪರೆಯಿದೆ. ಇನ್ನೊಂದು ತುದಿಯಲ್ಲಿ ಕುವೆಂಪು, ಕಾರಂತ, ಭೈರಪ್ಪ, ಅನಂತಮೂರ್ತಿ ಅವರಂಥವರ ಪ್ರೌಢ ಕಾದಂಬರಿಗಳಿವೆ. ಹಿಂದಿನ ತಲೆಮಾರಿನವರು ಮಿಡ್ಲ್ ಸ್ಕೂಲ್ ಎಂದು ಕರೆಯುತ್ತಿದ್ದ ಹಂತದ, ಅಂದರೆ 6ನೆಯ ತರಗತಿಯಿಂದ 8ನೆಯ ತರಗತಿಯವರೆಗಿನ, ಸುಮಾರು 11ರಿಂದ 14 ವರ್ಷದ ಓದುಗರು ಈ ಎರಡು ತುದಿಗಳ ನಡುವೆ ಉಳಿದುಹೋಗುತ್ತಾರೆ. ನರಿ ಮತ್ತು ದ್ರಾಕ್ಷಿಯ ಕಥೆ ಅವರಿಗೆ ಸಾಲದು, 'ಸಂಸ್ಕಾರ' ಅವರಿಗೆ ಇನ್ನೂ ದಕ್ಕದು. ಓದುವುದನ್ನು ಬಿಟ್ಟುಬಿಡುವ ಮಕ್ಕಳಲ್ಲಿ ಅನೇಕರು ಬಿಡುವುದು ಈ ಮೂರು ವರ್ಷಗಳಲ್ಲೇ. ಪಠ್ಯದ ಹೊರೆ, ಮನೆಪಾಠ, ಮೊಬೈಲು ಇವೆಲ್ಲ ಅದಕ್ಕೆ ಕಾರಣವೆಂಬುದು ನಿಜವಾದರೂ, ತಕ್ಕ ಹೊತ್ತಿನಲ್ಲಿ ತಕ್ಕ ಕಾದಂಬರಿಯನ್ನು ಕೈಗಿಡುವ ಹಿರಿಯರು ಹತ್ತಿರದಲ್ಲಿ ಇಲ್ಲದಿರುವುದೂ ಅಷ್ಟೇ ದೊಡ್ಡ ಕಾರಣ ಎಂಬುದನ್ನು ಒಪ್ಪಿಕೊಳ್ಳಬೇಕು. ಅಂಥ ಹಿರಿಯರಾಗಬಲ್ಲ ತಂದೆತಾಯಿ, ಶಿಕ್ಷಕರು ಮತ್ತು ಗ್ರಂಥಪಾಲಕರನ್ನು ಉದ್ದೇಶಿಸಿ ಈ ಲೇಖನವನ್ನು ಬರೆಯಲಾಗಿದೆ.

ಈ ವಯಸ್ಸಿಗೆ ಕಾದಂಬರಿಯೇ ಏಕೆ ಬೇಕು ಎಂಬ ಪ್ರಶ್ನೆ ಸಹಜ. ಸಣ್ಣಕಥೆ ಒಂದೇ ಸಲ ಕುಳಿತು ಓದಿ ಮುಗಿಸುವಂಥದ್ದು. ಅದರ ಪಾತ್ರಗಳು ಪರಿಚಯವಾಗುವಷ್ಟರಲ್ಲಿ ಕಥೆ ಮುಗಿದಿರುತ್ತದೆ. ಕಾದಂಬರಿಯಾದರೋ ಹಲವು ದಿನಗಳ ಸಹವಾಸವನ್ನು ಬೇಡುತ್ತದೆ. ನಿನ್ನೆ ಓದಿ ನಿಲ್ಲಿಸಿದ ಕಡೆಯಲ್ಲಿ ಯಾರು ಎಲ್ಲಿದ್ದರು, ಯಾರ ಮೇಲೆ ಯಾರಿಗೆ ಸಿಟ್ಟಿತ್ತು, ಏನು ಆಗಬಹುದೆಂಬ ಅನುಮಾನವಿತ್ತು ಎಂಬುದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಮರುದಿನ ಮುಂದುವರಿಯುವ ಅಭ್ಯಾಸ ಇದರಿಂದ ಬೆಳೆಯುತ್ತದೆ. ಪಾತ್ರವೊಂದು ಮೊದಲು ಕಂಡಂತೆ ಕೊನೆಯವರೆಗೂ ಇರುವುದಿಲ್ಲ, ಒಳ್ಳೆಯವನೆಂದು ತೋರಿದವನು ತಪ್ಪು ಮಾಡಬಲ್ಲ, ದಡ್ಡನೆಂದು ಎಲ್ಲರೂ ತಳ್ಳಿಹಾಕಿದವನು ಅಪರೂಪದ ತಿಳಿವಳಿಕೆಯುಳ್ಳವನಾಗಿರಬಲ್ಲ ಎಂಬ ಅರಿವು ಮೂಡುವುದಕ್ಕೆ ಇಷ್ಟು ದೀರ್ಘವಾದ ಒಡನಾಟ ಅಗತ್ಯ. ಸ್ನೇಹ, ಅವಮಾನ, ನ್ಯಾಯ ಇವುಗಳ ಬಗ್ಗೆ ಮಗು ತನ್ನದೇ ಆದ ನಿಲುವು ತಳೆಯಲು ಶುರುಮಾಡುವುದೂ ಈ ವಯಸ್ಸಿನಲ್ಲೇ.

ಪುಸ್ತಕ ಸೂಚಿಸುವವರು ಮೊದಲು ನೆನಪಿಡಬೇಕಾದ ಮಾತನ್ನು ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್.ಆರ್. ರಂಗನಾಥನ್ 1931ರಲ್ಲೇ ಹೇಳಿದ್ದಾರೆ. ಗಣಿತದ ಅಧ್ಯಾಪಕರಾಗಿದ್ದು ಗ್ರಂಥಪಾಲಕರಾದ ಅವರು ತಮ್ಮ ಬದುಕಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, 1962ರಲ್ಲಿ ಅಲ್ಲಿಯೇ ಗ್ರಂಥಾಲಯ ಶಾಸ್ತ್ರದ ಸಂಶೋಧನಾ ಕೇಂದ್ರವೊಂದನ್ನು ಕಟ್ಟಿದವರು. ಅವರು ರೂಪಿಸಿದ ಐದು ಸೂತ್ರಗಳಲ್ಲಿ ಎರಡನೆಯದು ಪ್ರತಿಯೊಬ್ಬ ಓದುಗನಿಗೂ ಅವನದೇ ಆದ ಪುಸ್ತಕವಿದೆ ಎಂದೂ, ಮೂರನೆಯದು ಪ್ರತಿಯೊಂದು ಪುಸ್ತಕಕ್ಕೂ ಅದರದೇ ಆದ ಓದುಗನಿದ್ದಾನೆ ಎಂದೂ ಸಾರುತ್ತವೆ. ಈ ಎರಡನ್ನೂ ಕೂಡಿಸಿ ನೋಡಿದರೆ, 'ಮಕ್ಕಳು ಓದಲೇಬೇಕಾದ ಪುಸ್ತಕಗಳು' ಎಂಬ ಹೆಸರಿನಲ್ಲಿ ಹರಿದಾಡುವ ಉದ್ದುದ್ದ ಪಟ್ಟಿಗಳ ದೋಷ ಎಲ್ಲಿದೆ ಎಂಬುದು ತಿಳಿಯುತ್ತದೆ. ಅಂಥ ಪಟ್ಟಿಗೆ ಪುಸ್ತಕ ಗೊತ್ತು, ಮಗು ಗೊತ್ತಿಲ್ಲ. ಸೂಚಿಸುವವರಿಗೆ ಎರಡೂ ಗೊತ್ತಿರಬೇಕು, ಮತ್ತು ಪುಸ್ತಕ ಗೊತ್ತಿರಬೇಕೆಂದರೆ ಅದನ್ನು ತಾವು ಮೊದಲು ಓದಿರಲೇಬೇಕು.

ಮಗುವನ್ನು ಅರಿಯಲು ದೊಡ್ಡ ಪರೀಕ್ಷೆಯೇನೂ ಬೇಡ. ಈಚೆಗೆ ಇಷ್ಟಪಟ್ಟು ಓದಿದ್ದು ಅಥವಾ ನೋಡಿದ್ದು ಯಾವುದು, ಅದರಲ್ಲಿ ಹಿಡಿಸಿದ್ದು ಸಾಹಸವೋ ನಗೆಯೋ ಪ್ರಾಣಿಗಳೋ ಮನುಷ್ಯರ ನಡುವಣ ಜಗಳವೋ, ಅಡೆತಡೆಯಿಲ್ಲದೆ ಎಷ್ಟು ಹೊತ್ತು ಕುಳಿತು ಓದಬಲ್ಲದು ಎಂಬ ಮೂರು ಸಂಗತಿಗಳನ್ನು ಮಾತಿನ ನಡುವೆ ತಿಳಿದುಕೊಂಡರೆ ಸಾಕು. ಕ್ರಿಕೆಟ್ ಹುಚ್ಚಿನ ಹುಡುಗನಿಗೂ ಬಾವಿಕಟ್ಟೆಯ ಕಪ್ಪೆಯನ್ನು ಗಂಟೆಗಟ್ಟಲೆ ನೋಡುತ್ತ ಕೂರುವ ಹುಡುಗಿಗೂ ಒಂದೇ ಪುಸ್ತಕ ಹೊಂದಬೇಕೆಂದು ನಿರೀಕ್ಷಿಸುವುದು ಇಬ್ಬರಿಗೂ ಮಾಡುವ ಅನ್ಯಾಯ.

ಮಗು ನಾಯಕನಾದ ಮಾತ್ರಕ್ಕೆ

ಆಯ್ಕೆಯಲ್ಲಿ ಆಗುವ ತಪ್ಪುಗಳಲ್ಲಿ ಅತ್ಯಂತ ಸಾಮಾನ್ಯವಾದದ್ದು, ಮುಖ್ಯ ಪಾತ್ರ ಹುಡುಗನೋ ಹುಡುಗಿಯೋ ಆಗಿದ್ದರೆ ಅದು ಮಕ್ಕಳ ಕಾದಂಬರಿಯೇ ಎಂದು ತಿಳಿಯುವುದು. ಶ್ರೀಕೃಷ್ಣ ಆಲನಹಳ್ಳಿಯವರ 'ಕಾಡು' ಕಾದಂಬರಿಯಲ್ಲಿ ಎಲ್ಲವೂ ಕಾಣುವುದು ಕಿಟ್ಟಿ ಎಂಬ ಪುಟ್ಟ ಹುಡುಗನ ಕಣ್ಣಿನಿಂದಲೇ. ಆದರೆ ಅವನು ನೋಡುತ್ತಿರುವುದು ದೊಡ್ಡವರ ಕಾಮ, ದ್ವೇಷ ಮತ್ತು ಊರೂರುಗಳ ನಡುವಣ ಕೊಲೆಪಾತಕವನ್ನು. ಅನಂತಮೂರ್ತಿಯವರ 'ಘಟಶ್ರಾದ್ಧ' ನೀಳ್ಗತೆಯಲ್ಲೂ ಯಮುನಕ್ಕನ ದುರಂತವನ್ನು ಹೇಳುವವನು ವೇದಪಾಠಕ್ಕೆ ಬಂದ ಹುಡುಗನೇ. ಇವು ಕನ್ನಡದ ಶ್ರೇಷ್ಠ ಕೃತಿಗಳು, ಆದರೆ ಮಗು ಕಂಡದ್ದೇನು, ಅದಕ್ಕೆ ಅರ್ಥವಾಗದೆ ಉಳಿದದ್ದೇನು ಎಂಬ ಅಂತರವನ್ನು ಗುರುತಿಸಬಲ್ಲ ಪ್ರೌಢ ಓದುಗನಿಗಾಗಿ ಬರೆದಂಥವು. 12 ವರ್ಷದ ಓದುಗನಿಗೆ ಆ ಅಂತರ ಕಾಣುವುದಿಲ್ಲ. ಅವನೂ ಕಿಟ್ಟಿಯ ಹಾಗೆಯೇ ದಿಗ್ಭ್ರಮೆಗೊಂಡು ನಿಲ್ಲುತ್ತಾನೆ.

ಇದಕ್ಕೆ ವಿರುದ್ಧವಾದ ಸಂಗತಿಯೂ ಅಷ್ಟೇ ಸತ್ಯ. ದೊಡ್ಡವರೇ ತುಂಬಿರುವ, ದೊಡ್ಡವರಿಗೆಂದೇ ಬರೆದ ಕೆಲವು ಕಾದಂಬರಿಗಳು ಈ ವಯಸ್ಸಿಗೆ ಅಚ್ಚುಕಟ್ಟಾಗಿ ಹೊಂದುತ್ತವೆ. ಕುತೂಹಲವನ್ನು ಹಿಡಿದಿಡುವ ಕಥಾನಕ, ಬಳಕೆಯ ಮಾತಿಗೆ ಹತ್ತಿರವಾದ ಭಾಷೆ, ನಗೆ, ನಿಸರ್ಗ ಮತ್ತು ಕೊನೆಯಲ್ಲಿ ಪೂರ್ತಿ ಕತ್ತಲೆಯಲ್ಲದ ಒಂದು ನೋಟ ಇವು ಇದ್ದರೆ ನಾಯಕನ ವಯಸ್ಸು ಲೆಕ್ಕಕ್ಕೆ ಬರುವುದಿಲ್ಲ. ಕನ್ನಡದಲ್ಲಿ ಇದಕ್ಕೆ ತೇಜಸ್ವಿಯವರ 'ಕರ್ವಾಲೊ'ಗಿಂತ ಒಳ್ಳೆಯ ನಿದರ್ಶನವಿಲ್ಲ.

'ಕರ್ವಾಲೊ' ಮತ್ತು ಅದರ ಬಾಗಿಲು

1980ರಲ್ಲಿ ಪ್ರಕಟವಾದ ಈ ಕಾದಂಬರಿ ಮೂಡಿಗೆರೆಯ ಜೇನು ಸೊಸೈಟಿಯ ಜೇನುತುಪ್ಪದ ಮಾತಿನಿಂದ ಶುರುವಾಗುತ್ತದೆ. ಅಲ್ಲಿಂದ ಜೇನುಹುಳು, ಜೇನುಹುಳುವಿನಿಂದ ಮಂದಣ್ಣ, ಮಂದಣ್ಣನಿಂದ ವಿಜ್ಞಾನಿ ಕರ್ವಾಲೊ, ಅವರಿಂದ ಕಾಡಿನೊಳಗಿನ ಹಾರುವ ಓತಿಯ ಹುಡುಕಾಟ ಹೀಗೆ ಕಥೆ ಒಂದು ಎಳೆಯಿಂದ ಇನ್ನೊಂದು ಎಳೆಗೆ ಸಹಜವಾಗಿ ದಾಟುತ್ತದೆ. ಊರಿನವರ ಕಣ್ಣಿಗೆ ಮಂದಣ್ಣ ಯಾವ ಕೆಲಸಕ್ಕೂ ಬಾರದ ಪೆದ್ದ. ಕರ್ವಾಲೊ ಅವರ ಕಣ್ಣಿಗೆ ಅವನು ಹುಟ್ಟು ನಿಸರ್ಗ ವಿಜ್ಞಾನಿ. ಈ ಎರಡು ಅಭಿಪ್ರಾಯಗಳ ನಡುವೆ ಕಕ್ಕಾಬಿಕ್ಕಿಯಾಗಿ ನಿಂತ ನಿರೂಪಕ, ಅಂದರೆ ಕಥೆಯನ್ನು ಹೇಳುವ ಪಾತ್ರ, ನಿಧಾನವಾಗಿ ತನ್ನ ನೋಟವನ್ನು ತಿದ್ದಿಕೊಳ್ಳುತ್ತಾನೆ. ತರಗತಿಯಲ್ಲಿ ಹಿಂದಿನ ಬೆಂಚಿಗೆ ತಳ್ಳಲ್ಪಟ್ಟ ಯಾವ ಮಗುವಿಗಾದರೂ ಮಂದಣ್ಣ ಯಾಕೆ ಮುಖ್ಯ ಎಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ. ಎಂಗ್ಟ, ಬಿರಿಯಾನಿ ಕರಿಯಪ್ಪ, ಪ್ರಭಾಕರ, ಕಿವಿ ಎಂಬ ನಾಯಿ ಇವರೆಲ್ಲ ಕೂಡಿ ನಗಿಸುತ್ತಲೇ ಓದುಗನನ್ನು ಜೀವವಿಕಾಸ ಮತ್ತು ಕಾಲದ ಅಗಾಧತೆಯಂಥ ಗಹನವಾದ ಪ್ರಶ್ನೆಗಳ ಅಂಚಿಗೆ ಒಯ್ದು ನಿಲ್ಲಿಸುತ್ತಾರೆ.

ಈ ಪುಸ್ತಕವನ್ನು ಮಗುವಿಗೆ ಕೊಡುವಾಗ ಹೇಗೆ ಹೇಳಬೇಕು ಎಂಬುದನ್ನು ತುಸು ಹತ್ತಿರದಿಂದ ನೋಡಬಹುದು. 'ಇದು ಕನ್ನಡದ ಮಹತ್ವದ ಕೃತಿ, ನಿನಗೆ ಒಳ್ಳೆಯದಾಗುತ್ತದೆ, ಓದು' ಎಂದರೆ ಪುಸ್ತಕ ಕಪಾಟು ಸೇರುತ್ತದೆ. ಅದರ ಬದಲು, 'ಒಬ್ಬನಿಗೆ ಊರಲ್ಲಿ ಒಂದು ಕೆಲಸವೂ ಸಿಗುತ್ತಿಲ್ಲ. ದೊಡ್ಡ ವಿಜ್ಞಾನಿಯೊಬ್ಬರು ಮಾತ್ರ ಅವನನ್ನು ಬಿಟ್ಟು ಕಾಡಿಗೆ ಹೋಗುವುದಿಲ್ಲ ಎನ್ನುತ್ತಾರೆ. ಅವನು ಕಂಡಿದ್ದೇನೆ ಎನ್ನುವ ಪ್ರಾಣಿ ಕೋಟ್ಯಂತರ ವರ್ಷ ಹಳೆಯದು. ಅದು ನಿಜವಾಗಿ ಇದೆಯೋ ಇಲ್ಲವೋ' ಎಂದು ಅಲ್ಲಿಗೆ ಮಾತು ನಿಲ್ಲಿಸಿ, ಮೊದಲ ಎರಡು ಪುಟಗಳನ್ನು ಗಟ್ಟಿಯಾಗಿ ಓದಿ, ಪುಸ್ತಕವನ್ನು ಮೇಜಿನ ಮೇಲಿಟ್ಟು ಎದ್ದುಹೋಗಬೇಕು. ಕಥೆಯ ಆರಂಭವನ್ನಷ್ಟೇ ಹೇಳಿ ಕುತೂಹಲದ ಕಡೆಯಲ್ಲಿ ನಿಲ್ಲಿಸುವ ಈ ಕ್ರಮ ಎರಡು ನಿಮಿಷ ಮೀರಬಾರದು. ಅದರಲ್ಲಿ ನೀತಿ ಇರಬಾರದು, ಲೇಖಕರ ಜೀವನಚರಿತ್ರೆ ಇರಬಾರದು, ಕೊನೆಯ ಸುಳಿವಂತೂ ಇರಲೇಬಾರದು. ಓದಿ ಮುಗಿದ ಮೇಲೆ ಪಶ್ಚಿಮ ಘಟ್ಟದ ಕಾಡುಗಳಲ್ಲಿ ಇಂದಿಗೂ ಬದುಕಿರುವ ಹಾರುವ ಓತಿಯ ಚಿತ್ರವನ್ನು ತೋರಿಸಬಹುದು. ಉದ್ದವಾಗಿ ಬೆಳೆದ ಪಕ್ಕೆಲುಬುಗಳ ಮೇಲೆ ಹರಡಿದ ಚರ್ಮವನ್ನು ಬಿಚ್ಚಿ ಮರದಿಂದ ಮರಕ್ಕೆ ತೇಲಿಹೋಗುವ ಆ ಜೀವಿಯನ್ನು ಕಂಡ ಮಗು ಕಾದಂಬರಿಯ ಕೊನೆಯ ಅಧ್ಯಾಯವನ್ನು ಮತ್ತೊಮ್ಮೆ ತೆರೆಯುವುದುಂಟು.

'ಕರ್ವಾಲೊ' 7 ಮತ್ತು 8ನೆಯ ತರಗತಿಗೆ ಹೊಂದುತ್ತದೆ. ಅದನ್ನು ಮೆಚ್ಚಿದವರು ಮುಂದೆ ತಾವಾಗಿಯೇ 'ಜುಗಾರಿ ಕ್ರಾಸ್' ಕೇಳುತ್ತಾರೆ. ಏಲಕ್ಕಿ ಬೆಳೆಗಾರ ಸುರೇಶ ಮತ್ತು ಗೌರಿ ದಂಪತಿ ಮಲೆನಾಡಿನ ಕಾಡುದಾರಿಯಲ್ಲಿ ಸಿಕ್ಕಿಹಾಕಿಕೊಳ್ಳುವ ಆ ಕಥೆಯಲ್ಲಿ ಅಪರಾಧ ಮತ್ತು ಹಿಂಸೆ ಇರುವುದರಿಂದ ಅದನ್ನು 8ನೆಯ ತರಗತಿಯ ಕೊನೆಗೆ, ಓದು ಗಟ್ಟಿಯಾದವರಿಗೆ ಕೊಡುವುದು ಸರಿ.

ಮಕ್ಕಳಿಗೆಂದೇ ಬರೆದವು

ಮಕ್ಕಳಿಗಾಗಿಯೇ ಬರೆದ ಕಾದಂಬರಿ ಕನ್ನಡದಲ್ಲಿ ಇಲ್ಲವೆನ್ನುವ ದೂರು ಈಗ ನಿಲ್ಲುವಂಥದ್ದಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಲ್ಲಿ ಬಾಲ ಸಾಹಿತ್ಯ ಪುರಸ್ಕಾರವನ್ನು ಆರಂಭಿಸಿದಾಗ ಕನ್ನಡದಿಂದ ಮೊದಲು ಆಯ್ಕೆಯಾದದ್ದು ಬೋಳುವಾರು ಮಹಮದ್ ಕುಂಞಿ ಅವರ 'ಪಾಪು ಗಾಂಧಿ ಗಾಂಧಿ ಬಾಪು ಆದ ಕಥೆ' ಎಂಬ ಕಾದಂಬರಿ. ಮರುವರ್ಷ ನಾ. ಡಿಸೋಜ ಅವರ 'ಮುಳುಗಡೆಯ ಊರಿಗೆ ಬಂದವರು' ಈ ಗೌರವ ಪಡೆಯಿತು. ನಡುವಿನ ಕೆಲವು ವರ್ಷ ಪುರಸ್ಕಾರ ಲೇಖಕರ ಒಟ್ಟು ಕೊಡುಗೆಗೆ ಸಂದಿತಾದರೂ, 2019ರಿಂದ 2023ರವರೆಗೆ ಸಾಲಾಗಿ ಐದು ವರ್ಷ ಕಾದಂಬರಿಗಳಿಗೇ ಅದು ಬಂದಿರುವುದು ಗಮನಿಸಬೇಕಾದ ಸಂಗತಿ. ಚಂದ್ರಕಾಂತ ಕರದಳ್ಳಿಯವರ 'ಕಾಡು ಕನಸಿನ ಬೀದಿಗೆ', ಎಚ್.ಎಸ್. ಬ್ಯಾಕೋಡರ 'ನಾನು ಅಂಬೇಡ್ಕರ್', ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ', ತಮ್ಮಣ್ಣ ಬೀಗಾರರ 'ಬಾವಲಿ ಗುಹೆ', ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್' ಇವೇ ಆ ಐದು. ಯಾದಗಿರಿಯ ಶಹಾಪುರ, ಧಾರವಾಡದ ಸೀಮೆ, ಉತ್ತರ ಕನ್ನಡದ ಸಿದ್ದಾಪುರ, ಕುಂದಾಪುರದ ಕಡೆ ಹೀಗೆ ಇವುಗಳ ಲೇಖಕರು ನಾಡಿನ ಬೇರೆಬೇರೆ ಭಾಗದವರು. ತನ್ನ ಊರಿನ ಮಾತು, ತನ್ನ ಸೀಮೆಯ ಹಕ್ಕಿಯ ಹೆಸರು ಅಚ್ಚಾದ ಪುಟದಲ್ಲಿ ಮೊದಲ ಸಲ ಕಂಡಾಗ ಮಗುವಿಗೆ ಆಗುವ ಆನಂದವನ್ನು ಕಡೆಗಣಿಸಬಾರದು. ಆದ್ದರಿಂದ ಮೊದಲ ಕಾದಂಬರಿಯನ್ನು ಸಾಧ್ಯವಾದಷ್ಟು ಮಗುವಿನ ಸೀಮೆಯಿಂದಲೇ ಆರಿಸಿ, ಎರಡನೆಯದನ್ನು ಬೇರೆ ಸೀಮೆಯಿಂದ ತರುವುದು ಒಳ್ಳೆಯ ಕ್ರಮ.

ಇವುಗಳಲ್ಲಿ ಬೋಳುವಾರರ ಪುಸ್ತಕಕ್ಕೆ ಒಂದು ವಿಶೇಷ ಬಳಕೆಯಿದೆ. ಗಾಂಧೀಜಿಯನ್ನು ನೋಟಿನ ಮೇಲೆ ಮತ್ತು ಅಕ್ಟೋಬರ್ 2ರ ಭಾಷಣಗಳಲ್ಲಿ ಮಾತ್ರ ಕಂಡಿರುವ ಮಗುವಿಗೆ, ಅಂಜುಬುರುಕ ಹುಡುಗನೊಬ್ಬ ತಪ್ಪು ಮಾಡುತ್ತ, ತಿದ್ದಿಕೊಳ್ಳುತ್ತ ದೊಡ್ಡವನಾದ ಬಗೆಯನ್ನು ಅದು ಕಥೆಯಾಗಿ ಹೇಳುತ್ತದೆ. ಪಿ. ಶೇಷಾದ್ರಿಯವರ 'ಮೋಹನದಾಸ' ಚಲನಚಿತ್ರಕ್ಕೂ ಇದೇ ಆಧಾರ. ಇದರ ಜೊತೆಗೆ 'ನಾನು ಅಂಬೇಡ್ಕರ್' ಅನ್ನೂ ಓದಿಸಿದರೆ, ಒಂದೇ ದೇಶದಲ್ಲಿ ಹುಟ್ಟಿದ ಇಬ್ಬರು ಹುಡುಗರ ಶಾಲಾದಿನಗಳು ಎಷ್ಟು ಬೇರೆಯಾಗಿದ್ದವು ಎಂಬ ಪ್ರಶ್ನೆಯನ್ನು ಮಕ್ಕಳೇ ಎತ್ತುತ್ತಾರೆ. ಸಮಾಜಶಾಸ್ತ್ರದ ಪಾಠದಲ್ಲಿ ಎಷ್ಟು ಒತ್ತಿ ಹೇಳಿದರೂ ಮೂಡದ ಆ ಪ್ರಶ್ನೆ ಕಾದಂಬರಿಯಲ್ಲಿ ತಾನಾಗಿ ಮೂಡುತ್ತದೆ.

ಡಿಸೋಜ ಅವರದು ಇನ್ನೊಂದು ಬಗೆಯ ಮಹತ್ವ. ಅಣೆಕಟ್ಟು ಕಟ್ಟಿದಾಗ ಹಿಂದೆ ಸರಿದ ನೀರಿನಲ್ಲಿ ಮುಳುಗುವ ನೆಲವನ್ನು ಮುಳುಗಡೆ ಪ್ರದೇಶ ಎನ್ನುತ್ತಾರೆ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯಿಂದ ಶರಾವತಿ ಕಣಿವೆಯ ಊರುಗಳು ಮುಳುಗಿದ್ದನ್ನು ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದ ಡಿಸೋಜ ಹತ್ತಿರದಿಂದ ಬಲ್ಲವರು. 2025ರ ಜನವರಿಯಲ್ಲಿ ತೀರಿಕೊಂಡ ಅವರು ದೊಡ್ಡವರಿಗಾಗಿ ಬರೆದ 'ದ್ವೀಪ'ದಲ್ಲೂ ಮಕ್ಕಳಿಗಾಗಿ ಬರೆದ ಕಾದಂಬರಿಯಲ್ಲೂ ಮುಳುಗಡೆಯ ವಿಷಯವನ್ನೇ ಎತ್ತಿಕೊಂಡಿದ್ದಾರೆ. ಮನೆಗೆ ಬರುವ ವಿದ್ಯುತ್ತಿನ ಹಿಂದೆ ಯಾರ ಮನೆ ಹೋಗಿದೆ ಎಂಬುದನ್ನು ತಿಳಿಯುವ ಹಕ್ಕು ಮಕ್ಕಳಿಗಿದೆ. 'ಮುಳುಗಡೆಯ ಊರಿಗೆ ಬಂದವರು' 7ನೆಯ ತರಗತಿಗೂ, 'ದ್ವೀಪ' ಪ್ರೌಢಶಾಲೆ ದಾಟುವ ಹೊತ್ತಿಗೂ ಸೂಕ್ತ.

ಅನುವಾದಗಳಲ್ಲಿ 6ನೆಯ ತರಗತಿಯವರಿಗೆ ಮೊದಲು ಸೂಚಿಸಬೇಕಾದದ್ದು ಜಪಾನಿನ ತೆತ್ಸುಕೊ ಕುರೊಯಾನಗಿ ಅವರ 'ತೊತ್ತೋ-ಚಾನ್'. 1981ರಲ್ಲಿ ಪ್ರಕಟವಾದ ಈ ಕೃತಿಯನ್ನು ವಿ. ಗಾಯತ್ರಿ ಕನ್ನಡಕ್ಕೆ ತಂದಿದ್ದು, ನ್ಯಾಷನಲ್ ಬುಕ್ ಟ್ರಸ್ಟ್ ಪ್ರಕಟಿಸಿದೆ. ಕಟ್ಟುನಿಟ್ಟಾಗಿ ನೋಡಿದರೆ ಇದು ಲೇಖಕಿಯ ಬಾಲ್ಯದ ನೆನಪುಗಳ ಪುಸ್ತಕವೇ ಹೊರತು ಕಾದಂಬರಿಯಲ್ಲ. ಆದರೂ ಕಾದಂಬರಿಯಂತೆಯೇ ಓದಿಸಿಕೊಳ್ಳುತ್ತದೆ. ತುಂಟಿಯೆಂದು ಒಂದು ಶಾಲೆಯಿಂದ ಹೊರಹಾಕಲ್ಪಟ್ಟ ಪುಟ್ಟ ಹುಡುಗಿ, ಹಳೆಯ ರೈಲುಬೋಗಿಗಳೇ ತರಗತಿಗಳಾಗಿರುವ ತೊಮೊಯೆ ಶಾಲೆಗೆ ಸೇರುತ್ತಾಳೆ. ಅಲ್ಲಿನ ಮುಖ್ಯೋಪಾಧ್ಯಾಯ ಕೊಬಾಯಾಶಿ ಅವಳ ಮಾತನ್ನು ಗಂಟೆಗಟ್ಟಲೆ ಕೇಳುತ್ತಾರೆ. ಎರಡು ಮೂರು ಪುಟಕ್ಕೆ ಮುಗಿಯುವ ಚಿಕ್ಕ ಅಧ್ಯಾಯಗಳಿಂದಾಗಿ, ಇಡೀ ಪುಸ್ತಕ ಓದುವ ಧೈರ್ಯವಿಲ್ಲದ ಮಗುವೂ ದಿನಕ್ಕೊಂದರಂತೆ ಓದಿ ಮುಗಿಸಬಲ್ಲದು. ಯುದ್ಧದ ಬಾಂಬು ದಾಳಿಯಲ್ಲಿ ಆ ಶಾಲೆ ಸುಟ್ಟುಹೋಗುವುದು ಕೊನೆಯಲ್ಲಿ ಬರುವುದರಿಂದ ಓದಿ ಮುಗಿಸಿದ ಮಗುವಿನೊಡನೆ ತುಸು ಹೊತ್ತು ಕುಳಿತು ಮಾತಾಡಬೇಕಾಗುತ್ತದೆ. ಮೈಸೂರಿನಲ್ಲಿ ಬಾಳಿದ ಆರ್.ಕೆ. ನಾರಾಯಣ್ ಇಂಗ್ಲಿಷಿನಲ್ಲಿ ಬರೆದ, 1935ರ 'ಸ್ವಾಮಿ ಅಂಡ್ ಫ್ರೆಂಡ್ಸ್' ಕೂಡ ಇದೇ ವಯಸ್ಸಿನದು. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ 'ಮಾಲ್ಗುಡಿ ಡೇಸ್' ಧಾರಾವಾಹಿಯಲ್ಲಿ ಸ್ವಾಮಿ, ಮಣಿ, ರಾಜಂ ಮತ್ತು ಅವರ ಕ್ರಿಕೆಟ್ ತಂಡವನ್ನು ಕಂಡ ತಂದೆತಾಯಿಗಳಿಗೆ ಅದನ್ನು ಮಕ್ಕಳಿಗೆ ಪರಿಚಯಿಸುವುದು ಸುಲಭ.

ಭಾಷೆಯ ಅಳತೆ

ಪುಸ್ತಕ ಮಗುವಿಗೆ ಕಠಿಣವಾಗುತ್ತದೆಯೇ ಎಂದು ತಿಳಿಯಲು ಅನೇಕ ಶಾಲೆಗಳಲ್ಲಿ ಐದು ಬೆರಳಿನ ಪರೀಕ್ಷೆ ಎಂಬ ಉಪಾಯವನ್ನು ಬಳಸುತ್ತಾರೆ. ಮಗು ನಡುವಿನ ಯಾವುದಾದರೂ ಒಂದು ಪುಟವನ್ನು ಓದುತ್ತ, ತಿಳಿಯದ ಪದ ಬಂದಾಗಲೆಲ್ಲ ಒಂದು ಬೆರಳು ಮಡಿಸಬೇಕು. ಪುಟ ಮುಗಿಯುವ ಮೊದಲೇ ಐದೂ ಬೆರಳು ಮಡಿಸಿದರೆ ಆ ಪುಸ್ತಕ ಸದ್ಯಕ್ಕೆ ಒಂಟಿಯಾಗಿ ಓದಲು ಕಷ್ಟ. ಕನ್ನಡಕ್ಕೆ ಇದನ್ನು ಅನ್ವಯಿಸುವಾಗ ಒಂದು ಎಚ್ಚರ ಅಗತ್ಯ. ಪ್ರತ್ಯಯಗಳು ಒಂದರ ಹಿಂದೊಂದು ಸೇರಿ ಬೆಳೆಯುವ ಭಾಷೆಯಾದ್ದರಿಂದ 'ಹೇಳಿಕೊಳ್ಳಬೇಕಾಗಿದ್ದುದರಿಂದ' ಎಂಬಂಥ ಪದದ ಮುಂದೆ ಮಗು ತಡವರಿಸುವುದು ಅರ್ಥ ತಿಳಿಯದೆ ಅಲ್ಲ, ಅದರ ಉದ್ದಕ್ಕೆ. ಅಂಥ ಪದವನ್ನು ದೊಡ್ಡವರು ಓದಿ ಹೇಳಿದಾಗಲೂ ಅರ್ಥವಾಗದಿದ್ದರೆ ಮಾತ್ರ ಬೆರಳು ಮಡಿಸಬೇಕು. ಬೇರೆ ಸೀಮೆಯ ಆಡುಮಾತಿನ ಪದಗಳನ್ನೂ ಈ ಲೆಕ್ಕಕ್ಕೆ ಹಿಡಿಯಬಾರದು. ಅವು ನಾಲ್ಕಾರು ಪುಟ ಕಳೆಯುವಷ್ಟರಲ್ಲಿ ಕಿವಿಗೆ ಪಳಗುತ್ತವೆ.

ಇಂಗ್ಲಿಷ್ ಮಾಧ್ಯಮದ ಮಕ್ಕಳದು ಮತ್ತು ಹೊರರಾಜ್ಯ, ಹೊರದೇಶಗಳಲ್ಲಿ ಬೆಳೆಯುತ್ತಿರುವ ಕನ್ನಡದ ಮಕ್ಕಳದು ಬೇರೆಯೇ ತೊಡಕು. ಅವರ ಬುದ್ಧಿ ಮತ್ತು ಆಸಕ್ತಿ 13 ವರ್ಷದ್ದಾದರೆ ಕನ್ನಡದ ಓದು 3ನೆಯ ತರಗತಿಯದ್ದಾಗಿರುತ್ತದೆ. ಓದಿನ ಮಟ್ಟಕ್ಕೆ ಹೊಂದಲಿ ಎಂದು ಕಾಗೆ-ಗುಬ್ಬಚ್ಚಿಯ ಕಥೆ ಕೊಟ್ಟರೆ ಅವರಿಗೆ ಅವಮಾನವಾಗುತ್ತದೆ, ವಯಸ್ಸಿಗೆ ಹೊಂದಲಿ ಎಂದು ಕಾದಂಬರಿ ಕೊಟ್ಟರೆ ಎರಡನೆಯ ಪುಟದಲ್ಲೇ ಕೈಚೆಲ್ಲುತ್ತಾರೆ. ಇದಕ್ಕೆ ಇರುವ ಒಳ್ಳೆಯ ಪರಿಹಾರ ಗಟ್ಟಿಯಾಗಿ ಓದಿ ಹೇಳುವುದು. ಮಕ್ಕಳಲ್ಲಿ ಕೇಳಿ ತಿಳಿಯುವ ಶಕ್ತಿ ಓದಿ ತಿಳಿಯುವ ಶಕ್ತಿಗಿಂತ ಬಹುಕಾಲ ಮುಂದಿರುತ್ತದೆ. ಓದಲು ಬಾರದ ವಾಕ್ಯ ಕೇಳಿದಾಗ ಸಲೀಸಾಗಿ ಅರ್ಥವಾಗುತ್ತದೆ. ಮಗು ದೊಡ್ಡದಾಯಿತು, ಇನ್ನು ತಾನೇ ಓದಿಕೊಳ್ಳಲಿ ಎಂದು ಓದಿ ಹೇಳುವುದನ್ನು ನಿಲ್ಲಿಸುವ ಮನೆಗಳು ಬಲು ಬೇಗ ನಿಲ್ಲಿಸಿಬಿಡುತ್ತವೆ.

ಗಟ್ಟಿಯಾಗಿ ಓದಲೆಂದೇ ಬರೆದಂತಿರುವ ಕಾದಂಬರಿ ಶಿವರಾಮ ಕಾರಂತರ 'ಬೆಟ್ಟದ ಜೀವ'. 1943ರ ಈ ಕೃತಿಯ ಆರಂಭದಲ್ಲಿ ಸುಬ್ರಹ್ಮಣ್ಯದ ಕಡೆಗೆ ಹೊರಟ ಪ್ರಯಾಣಿಕ ಕತ್ತಲಾಗುವ ಹೊತ್ತಿಗೆ ಕಾಡಿನಲ್ಲಿ ದಾರಿ ತಪ್ಪುತ್ತಾನೆ. ದೇರಣ್ಣ ಮತ್ತು ಬಟ್ಯ ಎಂಬಿಬ್ಬರು ಅವನನ್ನು ಗೋಪಾಲಯ್ಯನವರ ಮನೆ ಮುಟ್ಟಿಸುತ್ತಾರೆ. ಅಪರಿಚಿತನಿಗೆ ಸಿಗುವ ಉಪಚಾರ, ಕುಮಾರಪರ್ವತದ ಅಡಿಯಲ್ಲಿ ಕಾಡು ಕಡಿದು ತೋಟ ಎಬ್ಬಿಸಿದ ಮುದುಕನ ಎಣೆಯಿಲ್ಲದ ಮಾತು, ದನ ಹಿಡಿಯುವ ಹುಲಿ, ಇವೆಲ್ಲದರ ಅಡಿಯಲ್ಲಿ ಮನೆ ಬಿಟ್ಟುಹೋದ ಮಗ ಶಂಭುವಿಗಾಗಿ ಕಾಯುವ ಶಂಕರಮ್ಮನ ಸಂಕಟ ಹೀಗೆ ಇಲ್ಲಿ ದೊಡ್ಡ ಘಟನೆಗಳಿಗಿಂತ ಮನುಷ್ಯರ ಮಾತೇ ಮುಂದಿದೆ. ಒಂಟಿಯಾಗಿ ಓದುವ 12 ವರ್ಷದವರಿಗೆ ನಡೆ ನಿಧಾನವೆನಿಸಬಹುದು. ಅದನ್ನೇ ರಾತ್ರಿಯೂಟದ ನಂತರ ದಿನಕ್ಕೆ ಎಂಟು ಹತ್ತು ಪುಟದಂತೆ ಮನೆಮಂದಿಯೆಲ್ಲ ಕೂತು ಓದಿದರೆ, ಗೋಪಾಲಯ್ಯ ಮನೆಯ ಅಜ್ಜನಂತೆ ಹತ್ತಿರವಾಗುತ್ತಾರೆ. ಓದುವವರು ಪಾತ್ರಗಳ ದನಿಯನ್ನು ನಟಿಸಬೇಕಾದ ಅಗತ್ಯವಿಲ್ಲ. ಅವಸರ ಮಾಡದಿದ್ದರೆ ಸಾಕು.

ಕಹಿ ಸತ್ಯಗಳು

ಸಾವು, ಹಸಿವು, ಜಾತಿಯ ಕ್ರೌರ್ಯ ಇವನ್ನು ಮಕ್ಕಳಿಂದ ಮುಚ್ಚಿಡಬೇಕೇ ಎಂಬ ಪ್ರಶ್ನೆಗೆ ಉತ್ತರ ಸ್ಪಷ್ಟ: ಮುಚ್ಚಿಡಬಾರದು, ಆದರೆ ಒಂಟಿಯಾಗಿ ಎದುರಿಸಲು ಬಿಡಬಾರದು. ಕಾರಂತರದೇ ಆದ 1933ರ 'ಚೋಮನ ದುಡಿ' ಗಾತ್ರದಲ್ಲಿ ಚಿಕ್ಕದು, ಭಾಷೆಯಲ್ಲಿ ನೇರವಾದುದು. ಬೇಸಾಯಕ್ಕೆ ಒಂದು ತುಂಡು ಭೂಮಿ ಬೇಕೆಂಬ ಚೋಮನ ಆಸೆ ಯಾವ ಮಗುವಿಗೂ ಅರ್ಥವಾಗುತ್ತದೆ. ಆದರೆ ಅದರಲ್ಲಿ ಮಕ್ಕಳ ಸಾವಿದೆ, ತೋಟದಲ್ಲಿ ಅವನ ಮಗಳು ಬೆಳ್ಳಿಯ ಶೋಷಣೆಯಿದೆ, ಬಿಡುಗಡೆಯಿಲ್ಲದ ಅಂತ್ಯವಿದೆ. ಆದ್ದರಿಂದ ಇದನ್ನು 8ನೆಯ ತರಗತಿಯಲ್ಲಿ ಶಿಕ್ಷಕರು ಜೊತೆಯಲ್ಲಿದ್ದು ಓದಿಸಬೇಕು. ದೇವನೂರ ಮಹಾದೇವರ 'ಒಡಲಾಳ'ಕ್ಕೂ ಇದೇ ಮಾತು ಸಲ್ಲುತ್ತದೆ. ಕಳೆದುಹೋದ ಹುಂಜಕ್ಕಾಗಿ ಹುಡುಕುವ ಸಾಕವ್ವ, ರಾತ್ರಿಯೆಲ್ಲ ಕಡಲೆಕಾಯಿ ತಿನ್ನುವ ಮನೆಮಂದಿ, ಬಡತನದ ನಡುವೆಯೂ ಉಕ್ಕುವ ನಗೆ ಇವು ಎಳೆಯ ಓದುಗರನ್ನು ಹಿಡಿದಿಡುತ್ತವೆ. ಅಲ್ಲಿನ ಆಡುಮಾತು ಮೈಸೂರು ಸೀಮೆಯಾಚೆಯವರಿಗೆ ಅಪರಿಚಿತವಾದ್ದರಿಂದ ಬಲ್ಲವರು ಓದಿ ಕೇಳಿಸುವುದೇ ಲೇಸು. ಮಕ್ಕಳಿಗೆ ಕೊಡಬಾರದ್ದು ದುಃಖದ ಪುಸ್ತಕವಲ್ಲ. ಕ್ರೌರ್ಯವನ್ನು ರಂಜನೆಯಾಗಿ ತೋರಿಸುವ ಪುಸ್ತಕ.

ಇತಿಹಾಸದಲ್ಲಿ ಒಲವಿರುವವರಿಗೆ ತ.ರಾ.ಸು. ಅವರ ಚಿತ್ರದುರ್ಗದ ಕಾದಂಬರಿಗಳಿವೆ. 1985ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ 'ದುರ್ಗಾಸ್ತಮಾನ' ಗಾತ್ರದಿಂದಲೇ ಹೆದರಿಸುವಂಥದ್ದಾದ್ದರಿಂದ 'ಕಂಬನಿಯ ಕುಯಿಲಿ'ನಿಂದ ಶುರುಮಾಡಿ 'ರಕ್ತರಾತ್ರಿ', 'ತಿರುಗುಬಾಣ'ಗಳಿಗೆ ಹೋಗುವುದು ಮೇಲು. ಪತ್ತೇದಾರಿ ಕಥೆ ಬೇಡುವ ಮಗುವನ್ನು ಬೈಯಬಾರದು, ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದುತ್ತಲೇ ಕನ್ನಡದ ಒಂದು ತಲೆಮಾರು ಓದಿನ ರುಚಿ ಹತ್ತಿಸಿಕೊಂಡಿತ್ತು.

ಕೊಟ್ಟ ಮೇಲೆ

ಪುಸ್ತಕ ಕೈಸೇರಿದ ಮೇಲೆ ಹಿರಿಯರು ಮಾಡಬೇಕಾದ್ದು ಕಡಿಮೆ, ಮಾಡಬಾರದ್ದು ಹೆಚ್ಚು. ಶಿಕ್ಷಕರೂ ಆಗಿದ್ದ ಫ್ರೆಂಚ್ ಲೇಖಕ ದನಿಯೆಲ್ ಪೆನಾಕ್ 1992ರ ತಮ್ಮ ಪುಸ್ತಕದಲ್ಲಿ ಓದುಗರ ಹತ್ತು ಹಕ್ಕುಗಳನ್ನು ಪಟ್ಟಿಮಾಡಿದ್ದಾರೆ. ಪುಟ ಹಾರಿಸುವ ಹಕ್ಕು ಮತ್ತು ಪುಸ್ತಕವನ್ನು ಅರ್ಧಕ್ಕೇ ಬಿಡುವ ಹಕ್ಕು ಅವುಗಳಲ್ಲಿ ಸೇರಿವೆ. ದೊಡ್ಡವರು ದಿನವೂ ಚಲಾಯಿಸುವ ಈ ಹಕ್ಕುಗಳನ್ನು ಮಕ್ಕಳಿಗೆ ಮಾತ್ರ ನಿರಾಕರಿಸುವುದು ನ್ಯಾಯವಲ್ಲ. ಮೂವತ್ತು ನಲವತ್ತು ಪುಟ ಓದಿಯೂ ಹಿಡಿಸದಿದ್ದರೆ ಹಿಂದಿರುಗಿಸಬಹುದು ಎಂಬ ಭರವಸೆಯನ್ನು ಮೊದಲೇ ಕೊಟ್ಟರೆ ದಪ್ಪ ಪುಸ್ತಕವನ್ನು ತೆಗೆದುಕೊಳ್ಳುವ ಧೈರ್ಯ ಬರುತ್ತದೆ. ಓದಿ ಮುಗಿದೊಡನೆ ಸಾರಾಂಶ ಬರೆಸುವುದು, 'ಇದರಿಂದ ಕಲಿತ ನೀತಿಯೇನು' ಎಂದು ಕೇಳುವುದು, ಅಂಕ ಕೊಡುವುದು ಇವು ಕಾದಂಬರಿಯನ್ನು ಇನ್ನೊಂದು ಪಠ್ಯಪುಸ್ತಕವಾಗಿಸುತ್ತವೆ. 'ಮಂದಣ್ಣ ಹೇಳಿದ್ದನ್ನು ನೀನು ಎಲ್ಲಿಂದ ನಂಬಲು ಶುರುಮಾಡಿದೆ' ಎಂಬಂಥ, ಕೇಳುವವರಿಗೂ ಉತ್ತರ ಮೊದಲೇ ಗೊತ್ತಿರದ ಒಂದು ಪ್ರಶ್ನೆ ಸಾಕು, ಮಾತು ಬೆಳೆಯುತ್ತದೆ.

ಪುಸ್ತಕ ದೊರಕಿಸುವ ಹೊಣೆ ಮನೆಯದಷ್ಟೇ ಅಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯು ಪ್ರತಿ ಶಾಲೆಯಲ್ಲೂ ಕಥೆಪುಸ್ತಕಗಳನ್ನೊಳಗೊಂಡ ಗ್ರಂಥಾಲಯ ಇರಬೇಕೆಂದು ವಿಧಿಸಿದೆ. ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಗುತ್ತದೆ. ಆದರೆ ಶಾಲೆಗಳು ಪುಸ್ತಕ ಕೊಳ್ಳುವಾಗ ನೂರು ಶೀರ್ಷಿಕೆಗಳ ಒಂದೊಂದು ಪ್ರತಿಯನ್ನು ತರಿಸಿ ಬೀರುವಿನಲ್ಲಿಟ್ಟು ಬೀಗ ಹಾಕುವ ರೂಢಿ ಬದಲಾಗಬೇಕು. ಕಾದಂಬರಿಯ ಮಟ್ಟಿಗೆ ಹೇಳುವುದಾದರೆ, ಹತ್ತು ಶೀರ್ಷಿಕೆಗಳ ಹತ್ತು ಹತ್ತು ಪ್ರತಿಗಳೇ ಹೆಚ್ಚು ಉಪಯುಕ್ತ. ಐದಾರು ಮಕ್ಕಳು ಒಂದೇ ಕಾದಂಬರಿಯನ್ನು ಒಂದೇ ವಾರ ಓದಿದಾಗ ಊಟದ ಬಿಡುವಿನಲ್ಲಿ ಅದರ ಮಾತು ತಾನಾಗಿ ನಡೆಯುತ್ತದೆ. ಗೆಳೆಯನ ಬಾಯಿಂದ ಬಂದ ಶಿಫಾರಸಿಗೆ ಇರುವ ಬಲ ಯಾವ ಶಿಕ್ಷಕರ ಮಾತಿಗೂ ಇಲ್ಲ.

ಬೇಸಿಗೆ ರಜೆ ಶುರುವಾಗುವ ಮುನ್ನ ಪ್ರತಿಯೊಬ್ಬ ಶಿಕ್ಷಕರೂ ತಂದೆತಾಯಿಯೂ ಇಲ್ಲಿ ಹೆಸರಿಸಿದವುಗಳಲ್ಲಿ ತಾವು ಓದಿಲ್ಲದ ಒಂದನ್ನಾದರೂ ಆರಿಸಿ ಮೊದಲು ತಾವು ಪೂರ್ತಿ ಓದಲಿ. ಮಗುವಿಗೆ ಅದನ್ನು ಕೊಡಬೇಕೇ ಬೇಡವೇ ಎಂಬುದನ್ನು ಆಮೇಲೆ ತೀರ್ಮಾನಿಸಲಿ.